ಬಿಟ್ಟ ಬಾಯಿ

ನಾನು ಗಂಜಿಯವಳು. ಪಾಠ ನನ್ನ ಕೆಲಸವಲ್ಲ.
ಎಲ್ಮಿನಾದ ಕಡಲದಂಡೆಯ ಈ ಶಿಶುಶಾಲೆಯಲ್ಲಿ
ಮೆಕ್ಕೆಜೋಳದ ಹಿಟ್ಟು ಹುಳಿ ಬರಿಸಿ, ಶುಂಠಿ ಜಜ್ಜಿ,
ಮೂವತ್ತೊಂದು ಬಟ್ಟಲಿಗೆ ಬಡಿಸುವುದು, ಅಷ್ಟೇ.
ಆದರೆ ನನ್ನ ಒಲೆಗೊಂದು ಕಿಟಕಿಯಿದೆ,
ಕಿಟಕಿಯ ತುಂಬ ಅಂಗಳವಿದೆ.

ಆ ವರ್ಷ ಸೇರಿದ ಫೀಫಿ ಕಚ್ಚುತ್ತಿದ್ದ.
ಭುಜ, ಮೊಣಕೈ, ಒಮ್ಮೆ ನನ್ನ ಸೌಟಿನ ಹಿಡಿಯನ್ನೂ.
ಮೀನಿನ ಬೆನ್ನು ಹತ್ತಿ ಅಬಿಜಾನಿನ ಕಡೆ ಹೋದ ಅಪ್ಪ
ಮನೆಯವರ ಮಾತಿನಲ್ಲಿ ಮಾತ್ರ ವಾಪಸು ಬರುತ್ತಿದ್ದ.
ಮಗನಿಗೆ ಮಾತು ಕಡಿಮೆ,
ಹಲ್ಲು ಪೂರ್ತಿ.

ಬೆನ್ಯಿವಾ ಟೀಚರ್ ಅವನನ್ನು ಮೂಲೆಗೆ ಕೂರಿಸಲಿಲ್ಲ.
ತಾಳೆಎಣ್ಣೆಯ ಡಬ್ಬ ಬೋರಲು ಹಾಕಿ, ಕೋಲೊಂದು ಹಿಡಿದು
ಆಟ ಹೇಳಿದಳು:
ಬಡಿತ ಇರುವಷ್ಟು ಹೊತ್ತು ಕುಣಿ,
ಬಡಿತ ನಿಂತರೆ ಇದ್ದಲ್ಲೇ ನಿಲ್ಲು,
ಎತ್ತಿದ ಕಾಲು ಎತ್ತಿದ ಹಾಗೆ,
ಬಿಟ್ಟ ಬಾಯಿ ಬಿಟ್ಟ ಹಾಗೆ.

ಡಬ್ ಡಬ್ಬು ಡಬ್, ಡಬ್ ಡಬ್ಬು ಡಬ್,
ಡ—

ಮೂವತ್ತು ಮಕ್ಕಳು ಕಲ್ಲಾದರು.
ಫೀಫಿ ಮಾತ್ರ ಉರುಳುತ್ತಲೇ ಇದ್ದ
ಇಳಿಜಾರಿಗೆ ಬಿಟ್ಟ ಟೈರಿನ ಹಾಗೆ,
ಅಡ್ಡ ಸಿಕ್ಕ ಕಲ್ಲುಗಳನ್ನೆಲ್ಲ ಕೆಡವಿಕೊಂಡು.
ಆ ಹುಡುಗನ ಮೈಗೆ ಬಾಗಿಲಿತ್ತು,
ಅಗುಳಿ ಇರಲಿಲ್ಲ.

ಎರಡು ವಾರ ಹೀಗೇ.
ನಡುವೆ ಇನ್ಸ್‌ಪೆಕ್ಟರ್ ಬಂದು ಕೇಳಿದರು:
ಅಕ್ಷರ ಎಷ್ಟು ಕಲಿತಿದ್ದಾರೆ?
ಟೀಚರ್ ಏನೋ ಹೇಳಿದಳು,
ಡಬ್ಬದ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ.

ಒಂದು ಬೆಳಿಗ್ಗೆ ಮಕ್ಕಳನ್ನೆಲ್ಲ ದಂಡೆಗೆ ಕರೆದೊಯ್ದಳು.
ಬಲೆ ಎಳೆಯುತ್ತಿದ್ದರು. ಒಬ್ಬ ಕೂಗುವುದು,
ಎಲ್ಲರೂ ಹಿಂದಕ್ಕೆ ವಾಲುವುದು,
ಆಮೇಲೆ ಒಂದು ಉಸಿರು, ಮತ್ತೆ ಕೂಗು.
ಹಗ್ಗದ ಬಾಲ ಮಕ್ಕಳ ಕೈಗೆ ಬಂತು.
ಎಲ್ಲರೂ ಎಳೆಯುವಾಗ ಎಳೆದವರು ನಕ್ಕರು.
ಉಸಿರಿನ ಹೊತ್ತಿನಲ್ಲಿ ಒಬ್ಬನೇ ಎಳೆದ ಫೀಫಿಯ
ಅಂಗೈ ಸುಲಿಯಿತು.

ಅತ್ತ. ಯಾರನ್ನೂ ಕಚ್ಚಲಿಲ್ಲ.
ಅಳುತ್ತ ಅಳುತ್ತ ನನ್ನ ಒಲೆಯ ಬಳಿ ಬಂದು
ಕೈ ಬಿಚ್ಚಿ ತೋರಿಸಿದ.
ಎಣ್ಣೆ ಸವರಿದೆ. ಸುಮ್ಮನೆ
ಎಳೆತದ ಆ ಕೂಗನ್ನೇ ಗುನುಗುತ್ತ ಸವರಿದೆ.
ಅವನ ಬಿಕ್ಕು ಒಂದೆರಡು ಸಲ ತಪ್ಪಿ,
ಮೂರನೆಯದಕ್ಕೆ ನನ್ನ ಗುನುಗಿನೊಳಗೆ ಬಂದು ಕೂತಿತು.

ಮರುದಿನ ಟೀಚರ್ ಕೋಲನ್ನು ಅವನಿಗೇ ಕೊಟ್ಟಳು.

ಬಡಿದ. ಕುಣಿದರು.
ನಿಲ್ಲಿಸಿದ. ನಿಂತರು.
ತಾನು ಮಾಡಿದ್ದನ್ನು ತಾನೇ ಕಣ್ಣರಳಿಸಿ ನೋಡಿದ:
ಇಡೀ ಅಂಗಳ, ಹಾರುವ ಹಾಕಿನಲ್ಲಿ ನಿಂತ ಎರಡು ಜಡೆ,
ಆಂಪೆಯಾಟದಲ್ಲಿ ಮುಂದೆ ಚಾಚಿದ ಒಂದು ಪಾದ,
ಎಲ್ಲ ಅವನ ಕೋಲಿನ ತುದಿಯಲ್ಲಿ.
ಮತ್ತೆ ಬಡಿದ, ಮತ್ತೆ ನಿಲ್ಲಿಸಿದ.

ಆ ಸಲ ಎಕುವಾ ಬಿದ್ದಳು. ಚಪ್ಪಲಿಯ ಬಾರು ಕಿತ್ತಿತ್ತು.
ಒಂಟಿ ಕಾಲಲ್ಲಿ ನಿಂತವರು ತೂಗಾಡಿದರು,
ಬಡಿಯೋ, ಬಡಿಯೋ ಎಂದು ಪಿಸುಗುಟ್ಟಿದರು.
ಫೀಫಿ ಬಡಿಯಲಿಲ್ಲ.
ಕೋಲೆತ್ತಿ ಹಿಡಿದೇ ಇದ್ದ.
ಅವಳು ಮಂಡಿ ಒರೆಸಿಕೊಂಡಳು, ಕಾದ.
ಇನ್ನೊಂದು ಚಪ್ಪಲಿಯನ್ನೂ ಕಳಚಿ ಎಸೆದಳು, ಕಾದ.
ಎದ್ದು ನಿಂತು ಅವನ ಕಡೆ ನೋಡಿದಳು.

ಡಬ್.
ಅಷ್ಟು ಮೆತ್ತಗೆ ತಗಡು ಮಾತಾಡಿದ್ದು
ನಾನು ಕೇಳಿರಲಿಲ್ಲ.
ನನ್ನ ಗಂಜಿ ತಳ ಹತ್ತಿತು.

ಊಟದ ಸಾಲಿನಲ್ಲಿ ಯಾರೋ ಅವನನ್ನು ತಳ್ಳಿದರು.
ತಟ್ಟನೆ ತಿರುಗಿದ. ಎದುರಿಗೆ ಒಂದು ಭುಜ,
ಬಾಯಿ ತೆರೆದಿತ್ತು,
ನನ್ನ ಎದೆ ಧಸಕ್ಕೆಂದಿತು.
ಅಂಗಳದಲ್ಲಿ ಎಲ್ಲೂ ಡಬ್ಬದ ಸದ್ದಿರಲಿಲ್ಲ,
ನಿಲ್ಲಿಸುವವರೂ ಇರಲಿಲ್ಲ.
ನಿಂತ.
ಬಿಟ್ಟ ಬಾಯಿ ಬಿಟ್ಟ ಹಾಗೆ.

ಒಂದು ಉಸಿರಿನಷ್ಟು ಹೊತ್ತು.
ಆಮೇಲೆ ಬಟ್ಟಲು ನನ್ನತ್ತ ಚಾಚಿದ.
ಒಂದು ಸೌಟು ಜಾಸ್ತಿ ಹಾಕಿದೆ.
ಸೀದ ವಾಸನೆ, ಅಂದ ಮೂಗು ಮುರಿದು.
ಅವನು ನನ್ನೊಡನೆ ಆಡಿದ
ಮೊದಲ ಮಾತು ಅದು.